ಬಂಡೆಯ ಮೇಲಿನ ಮಂಜು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದಾನೆಂಬ ಮಾತು ಅರಕಲಗೂಡಿನ ಸಂತೆಯಲ್ಲಿಯೋ ಹೊಳೆನರಸೀಪುರದ ಹೇಮಾವತಿಯ ದಡದಲ್ಲಿಯೋ ಕಿವಿಗೆ ಬಿದ್ದಾಗ, ಇಂತಹ ಲೋಕಾನುಭವವೆಲ್ಲ ನಾಲಗೆಯಿಂದ ನಾಲಗೆಗೆ ಹರಿದುಬಂದ ಸೊತ್ತೆಂದೇ ನಾವು ಭಾವಿಸುತ್ತೇವೆ. ಆದರೆ ಮನುಷ್ಯಸ್ವಭಾವವನ್ನು ಕುರಿತ ತಿಳಿನುಡಿಯನ್ನು ಈ ಹಾಸನ ಸೀಮೆಯ ಹಿರಿಯರು ಗಾದೆಗೆ ಒಪ್ಪಿಸಿದಂತೆಯೇ ಕಲ್ಲಿಗೂ ಒಪ್ಪಿಸಿದ್ದರು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಂದ ಯಾತ್ರಿಕರ ಕಾಲು ಸಹಜವಾಗಿಯೇ ಗೊಮ್ಮಟನಿರುವ ದೊಡ್ಡಬೆಟ್ಟದತ್ತ ತಿರುಗುತ್ತದೆ. ಎದುರಿನ ಚಿಕ್ಕಬೆಟ್ಟವನ್ನೇರಿದವರಿಗೆ ದೊರೆಯುವುದು ಬೇರೊಂದು ಸಂಪತ್ತು. ಸಲ್ಲೇಖನವೆಂಬ ಉಪವಾಸವ್ರತದಿಂದ ದೇಹವನ್ನು ತೊರೆದ ಜೈನರ ನೆನಪು ಅಲ್ಲಿ ಹಾಸುಬಂಡೆಯ ಮೈಮೇಲೆಯೇ ಅಕ್ಷರವಾಗಿ ನಿಂತಿದೆ. 1889ರಲ್ಲಿ ಶಾಸನತಜ್ಞ ಬಿ. ಎಲ್. ರೈಸರು ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸುವ ವೇಳೆಗೆ ಅವು 500 ಆಗಿದ್ದವು. ಈ ರಾಶಿಯಲ್ಲಿ ನನ್ನ ಮನಸ್ಸು ಮರಳಿ ಮರಳಿ ಹೋಗುವುದು ಸುಮಾರು ಏಳನೆಯ ಶತಮಾನದ ನಂದಿಸೇನ ಮುನಿಯ ಶಾಸನಕ್ಕೆ.

ಅದು ಮಹಾಸ್ರಗ್ಧರಾ ವೃತ್ತದ ಒಂದೇ ಪದ್ಯ. ಸಿರಿ, ರೂಪು, ವಿಲಾಸ, ಧನ, ವೈಭವ ಇವುಗಳ ರಾಶಿ ಎಷ್ಟೇ ದೊಡ್ಡದಾದರೂ ಯಾರಲ್ಲಿಯೂ ನಿಲ್ಲದೆಂಬುದನ್ನು ಹೇಳಲು ಕವಿಯು ಕಾಮನಬಿಲ್ಲನ್ನೂ ಮಿಂಚನ್ನೂ ಮಂಜನ್ನೂ ತಂದು ನಿಲ್ಲಿಸುತ್ತಾನೆ. ಬಳಿಕ ಉಪದೇಶಕ್ಕೆ ತೊಡಗದೆ, ಈ ಧರಣಿಯ ಇರವನ್ನು ತಾನು ಮೆಚ್ಚೆನೆಂದು ಮುನಿಯ ಬಾಯಿಂದಲೇ ನುಡಿಸಿ, ಸನ್ಯಾಸಗೈದು ದೇವಲೋಕಕ್ಕೆ ಸಂದನೆಂದು ಮುಗಿಸಿಬಿಡುತ್ತಾನೆ. ಬಿಲ್ಲೂ ಮಿಂಚೂ ಮುಗಿಲಿನವು. ಮಂಜಾದರೋ ಮಾಗಿಯ ಬೆಳಗಿನಲ್ಲಿ ಈ ನಾಡಿನ ಕೆರೆಯಂಗಳವನ್ನೆಲ್ಲ ತುಂಬಿ, ಬಿಸಿಲು ಏರುವಷ್ಟರಲ್ಲಿ ಹುಲ್ಲಿನ ತುದಿಯಲ್ಲಷ್ಟೇ ಉಳಿಯುವಂಥದು, ಕವಿಯು ಕಣ್ಣಾರೆ ಕಂಡೇ ಇದ್ದಿರಬೇಕಾದಂಥದು. ಅಷ್ಟು ಬೇಗ ಕರಗುವ ವಸ್ತುವಿನ ಮಾತನ್ನು ಕಗ್ಗಲ್ಲಿನಲ್ಲಿ ಕಡೆಯಿಸಿದವರು ತಮ್ಮ ಕವಿಯ ಹೆಸರನ್ನು ಮಾತ್ರ ಅಲ್ಲಿ ಬರೆಯಿಸಲಿಲ್ಲ.

ಇಂತಹ ತಿಳಿನುಡಿ ಬೆಳಗೊಳದ ಬಂಡೆಗಷ್ಟೇ ಮೀಸಲಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ರೈಸರು 1902ರಲ್ಲಿ ಪ್ರತ್ಯೇಕ ಸಂಪುಟವಾಗಿ ತಂದರು. ಅವುಗಳಲ್ಲಿ ಊರೂರಿನ ದಾನಶಾಸನಗಳ ಕೊನೆಗೆ ಬರುವ ಶಾಪವಾಕ್ಯಗಳನ್ನು ಓದುಗರು ರೂಢಿಯ ಮಾತೆಂದು ದಾಟಿಹೋಗುವುದುಂಟು. ನನಗಾದರೋ ಮಾನವಹೃದಯದ ಅತಿ ಸೂಕ್ಷ್ಮ ಪರಿಜ್ಞಾನ ಅಲ್ಲಿಯೇ ಕಾಣುತ್ತದೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದು ಹಿರಿದೆಂದು ಸಾರುವ ಆ ಶ್ಲೋಕಗಳು, ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆನ್ನುವಾಗ, ಪರರು ಕೊಟ್ಟ ಭೂಮಿಗಿಂತ ಮೊದಲು ತಾನೇ ಕೊಟ್ಟ ಭೂಮಿಯನ್ನು ಹೆಸರಿಸುತ್ತವೆ. ಧಾರೆಯೆರೆದ ಕೈಯೇ ನಾಳೆ ಮರಳಿ ಚಾಚೀತೆಂಬುದನ್ನು ಬಲ್ಲ ದಾನಿಯು ತನ್ನ ಕೈಗೆ ತಾನೇ ಕಟ್ಟು ಹಾಕಿಕೊಂಡು, ಮೇಲೆ ಸೂರ್ಯಚಂದ್ರರನ್ನೂ ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸುವನ್ನೂ ಕೆತ್ತಿಸಿ, ಆ ಕಲ್ಲನ್ನು ಎಲ್ಲರೂ ಓಡಾಡುವ ಕಡೆ ನಿಲ್ಲಿಸಿದನು.