ಹಾಳೂರಿನ ಗೌಡ

‘ಹಳೆಯ’ ಎಂಬ ಮಾತಿಗೆ ಕನ್ನಡದಲ್ಲಿ ವಯಸ್ಸಿನ ಲೆಕ್ಕವಿಲ್ಲ. ನಿನ್ನೆಯ ಸಾರೂ ಹಳೆಯದು, ಗಂಗರ ಗುಡಿಯೂ ಹಳೆಯದು. ‘ಪುರಾತನ’ಕ್ಕೆ ಮಾತ್ರ ಒಂದು ತೂಕವಿತ್ತು. ಈಗ ಕವಲಂದೆಯ ಬಸ್ಸಿನಲ್ಲಿ ಗುಂಡಿ ಒತ್ತುವ ಮೊಬೈಲೂ ‘ಪುರಾತನ ಕಾಲದ್ದು’ ಎನಿಸಿಕೊಳ್ಳುತ್ತದೆ. ಆ ಬಸ್ಸು ಹೊರಡುವ ನಂಜನಗೂಡಿನಲ್ಲಿ ಪುರಾತನರು ಎಂದರೆ ಅರವತ್ತುಮೂವರು ಶಿವಭಕ್ತರು. ಶ್ರೀಕಂಠೇಶ್ವರನ ದೇವಾಲಯದಲ್ಲಿ ಅವರ ಮೂರ್ತಿಗಳು ಸಾಲಾಗಿ ನಿಂತಿವೆ. ಅವರ ಹೆಸರನ್ನು ಕೆಟ್ಟ ಫೋನಿಗೆ ಕೊಡುವುದು ದುಂದುಗಾರಿಕೆ.

ಇಷ್ಟು ಸಡಿಲವಾದ ಪದಗಳನ್ನು ನೆಚ್ಚಿಕೊಂಡು ಪ್ರಾಚೀನ ನೆಲೆಗಳ ಪಟ್ಟಿ ಮಾಡಹೊರಟವರಿಗೆ ಮೊದಲ ತೊಡಕು ಕಾಲದ್ದು: ಎಲ್ಲಿಂದ ಶುರು, ಎಲ್ಲಿಗೆ ನಿಲುಗಡೆ? ಕಾನೂನಿನ ಉತ್ತರ ಚುಟುಕು. 1958ರ ಕೇಂದ್ರ ಕಾಯಿದೆಯಂತೆ ಪ್ರಾಚೀನ ಸ್ಮಾರಕ ಎನಿಸಲು ಕನಿಷ್ಠ ನೂರು ವರ್ಷವಾಗಿರಬೇಕು. ಈ ಲೆಕ್ಕಕ್ಕೆ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1920ರ ದಶಕದಲ್ಲಿ ಶುರುವಾದ ಖಾದಿ ಕೇಂದ್ರವೂ ಪ್ರಾಚೀನತೆಯ ಹೊಸ್ತಿಲಿಗೆ ಬಂದಿದೆ. ರಾಟೆ ಇನ್ನೂ ನೆನಪಿನಲ್ಲಿರುವಾಗಲೇ ಪ್ರಾಚೀನವಾಗುವುದು ವಿಚಿತ್ರ. ಆದರೆ ನೂರು ನೂರೇ.

ಆಡುಮಾತು ಬೇರೊಂದು ಗೆರೆ ಎಳೆಯುತ್ತದೆ. ಅದಕ್ಕೆ ‘ಹಳೆ’, ‘ಹಾಳು’ ಎಂಬ ಎರಡು ಪದ ಸಾಕು. ಹಳಗನ್ನಡದಲ್ಲಿ ಇವು ಪೞ, ಪಾೞ್. ಎರಡರಲ್ಲೂ ಮುಂದೆ ಮರೆಯಾದ ಅದೇ ೞಕಾರವಿದೆ. ನಿಘಂಟುಗಳು ಇವನ್ನು ಬೇರೆ ಬೇರೆ ಇಟ್ಟರೂ ಒಂದೇ ಬಳ್ಳಿಯ ಕಾಯಿಗಳೆಂದು ಊಹಿಸಲು ಅಡ್ಡಿಯಿಲ್ಲ: ಜನ ಇದ್ದರೆ ಹಳೆಯದು, ಜನ ಬಿಟ್ಟರೆ ಸ್ವರ ಎಳೆದುಕೊಂಡು ಹಾಳು. ದೋರಸಮುದ್ರ ಹೆಸರು ಕಳೆದುಕೊಂಡೂ ಹಳೇಬೀಡಾಗಿ ಬಾಳಿತು. 1565ರ ನಂತರದ ಹಂಪೆ ಜನರ ಬಾಯಲ್ಲಿ ‘ಹಾಳು ಹಂಪೆ’ಯಾಯಿತು. ಇಂದು ‘ಹಾಳು ಟ್ರಾಫಿಕ್ಕು’, ‘ಹಾಳು ನೆಟ್‌ವರ್ಕು’ ಎಂದು ಬೈಗುಳಕ್ಕೆ ಇಳಿದಿರುವ ಈ ಪದ ಒಂದು ಕಾಲಕ್ಕೆ ಇಡೀ ಪಟ್ಟಣಗಳನ್ನು ಹೊತ್ತಿತ್ತು.

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯೂ ಇದೇ ಪದದ್ದು. ಗಾದೆಯ ಗೌಡ ಯಾರನ್ನೂ ಗೆದ್ದವನಲ್ಲ. ಊರು ಕಟ್ಟಿದವನಲ್ಲ, ಕೆರೆ ತೋಡಿಸಿದವನಲ್ಲ, ನ್ಯಾಯ ಹೇಳಿ ಹೆಸರಾದವನೂ ಅಲ್ಲ. ಎಲ್ಲರೂ ಗಂಟುಮೂಟೆ ಕಟ್ಟಿದಾಗ ಅವನೊಬ್ಬ ಹೋಗಲಿಲ್ಲ, ಅಷ್ಟೆ. ಎದುರಾಡುವವರಿಲ್ಲದ ಕಾರಣ ಅವನ ಮಾತೇ ಊರಿನ ಮಾತು. ಕಾಲಗಳಿಗೆ ಹೆಸರಿಡುವ ಪದ್ಧತಿ ನಡೆದಿರುವುದೂ ಹೀಗೆಯೇ. ಗುಡಿ ಕಟ್ಟಿದವರಾರೋ, ದೀಪಕ್ಕೆ ಎಣ್ಣೆ ಬಿಟ್ಟವರಾರೋ. ಮಳೆಗಾಳಿಗೆ ಸವೆಯದೆ ಉಳಿದ ಒಂದು ದಾನಶಾಸನದಲ್ಲಿ ಯಾವ ಅರಸನ ಹೆಸರಿದೆಯೋ ಇಡೀ ಗುಡಿ ಅವನ ‘ಕಾಲ’ದ್ದಾಗುತ್ತದೆ. ಉಳಿದ ಕಲ್ಲೇ ಗೌಡ.

ಸೋಮನಾಥಪುರದ ಮಟ್ಟಿಗೆ ಈ ಗೌಡಿಕೆ ನ್ಯಾಯವಾದದ್ದು. ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಶಾಸನ ಅಲ್ಲಿಯೇ ನಿಂತು ಸಾಕ್ಷಿ ಹೇಳುತ್ತದೆ. ಅದೇ ತಾಲ್ಲೂಕಿನ ಟಿ. ನರಸೀಪುರದಲ್ಲಿ 1960ರ ಆಸುಪಾಸಿನಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿ ಅಗೆಸಿದಾಗ ನವಶಿಲಾಯುಗದ ಮಡಕೆಗಳೂ ಉಜ್ಜಿ ನಯಗೊಳಿಸಿದ ಕಲ್ಲಿನ ಹತಾರಗಳೂ ಸಿಕ್ಕವು. ಅರಸನ ಹೆಸರು ಸಿಗಲಿಲ್ಲ. ಬರವಣಿಗೆಯೇ ಇರದ ಜನ ಕೈಯಲ್ಲಿದ್ದ ಕಲ್ಲಿನ ಹೆಸರಿನಲ್ಲೇ ಚರಿತ್ರೆಗೆ ಸೇರಿದರು. ಶಾಸನದಿಂದಲೇ ಕಾಲ ಶುರುವೆಂದರೆ ನರಸೀಪುರದ ಈ ಮೊದಲ ಒಕ್ಕಲುಗಳು ಪಟ್ಟಿಯ ಆಚೆಗೆ ಉಳಿಯುತ್ತಾರೆ.

ಪಟ್ಟಿ ಎಲ್ಲಿಗೆ ನಿಲ್ಲಬೇಕೆಂಬ ಮೇಲಿನ ಗೆರೆಯ ತೊಂದರೆ ನಂಜನಗೂಡಿನಲ್ಲಿ ಕಾಣುತ್ತದೆ. ದೇವಾಲಯದ ಮೂಲ ಭಾಗ ಗಂಗರ ಕಾಲದ್ದೆಂದು ಎಣಿಕೆ. ಅದಕ್ಕೆ ಹೊಯ್ಸಳರು, ವಿಜಯನಗರದವರು, ಮೈಸೂರಿನ ದಳವಾಯಿಗಳು ಸೇರಿಸುತ್ತ ಬಂದರು. ಟಿಪ್ಪು ಪಚ್ಚೆಯ ಲಿಂಗ ಕೊಟ್ಟು ದೇವರನ್ನು ‘ಹಕೀಂ ನಂಜುಂಡ’ ಎಂದನೆಂಬುದು ಪ್ರತೀತಿ. ದೇವರ ಹೆಸರಿಗೂ ಒಂದು ಅರಬ್ಬಿ ಪದರ ಸೇರಿತು. ದೂರದಿಂದಲೇ ಕಾಣುವ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ 1845ರಲ್ಲಿ ಕಟ್ಟಿಸಿದ್ದು.

ಹಂಪೆ ಹಾಳಾದ 1565ಕ್ಕೆ ನಿಲ್ಲುವ ಪಟ್ಟಿಯಲ್ಲಿ ಗರ್ಭಗುಡಿ ಇರುತ್ತದೆ, ಗೋಪುರ ಇರುವುದಿಲ್ಲ. ಆದ್ದರಿಂದ ಕಾಲವನ್ನು ಮೊದಲು ಕತ್ತರಿಸಿ ನೆಲೆಗಳನ್ನು ಹುಡುಕುವುದಕ್ಕಿಂತ, ನೆಲೆಯನ್ನು ಹಿಡಿದು ಅದರ ಪದರಗಳನ್ನು ಎಣಿಸುವುದೇ ಸರಿ. ಕೆಳಗೆ ಕಲ್ಲು ಉಜ್ಜಿದ ಕೈಯವರೆಗೆ, ಮೇಲೆ ಕಾನೂನಿನ ನೂರು ವರ್ಷದವರೆಗೆ. ಹಾಳೂರಿಗೆ ಒಬ್ಬ ಗೌಡ ಸಾಲಬಹುದು. ಜನ ಬಾಳುತ್ತಿರುವ ಹಳೆಯ ಊರಿಗೆ ಸಾಲದು.