ಕ್ರಿಯಾವರ್ಧಕದ ಹಂಗಿಲ್ಲದ ಎಣ್ಣೆ ಡೀಸೆಲ್

ಡೀಸೆಲ್ ಎಂಜಿನ್ನು ತನ್ನ ಬಾಲ್ಯದಲ್ಲೇ ಕಡಲೆಕಾಯಿ ಎಣ್ಣೆ ಕುಡಿದು ಓಡಿತ್ತೆಂದರೆ ವಾಚಕರಲ್ಲಿ ಹಲವರಿಗೆ ಆಶ್ಚರ್ಯವಾದೀತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಟ್ಟೋ ಕಂಪನಿಯವರು ಅಂಥದೊಂದು ಎಂಜಿನನ್ನು ನಡೆಸಿದರು. ಅದು ಎಷ್ಟು ಸರಾಗವಾಗಿ ಓಡಿತೆಂದರೆ, ಒಳಗಿರುವುದು ಕಡಲೆಕಾಯಿ ಎಣ್ಣೆಯೆಂದು ಬಹುಮಂದಿಗೆ ತಿಳಿಯಲೇ ಇಲ್ಲವೆಂದು ರುಡಾಲ್ಫ್ ಡೀಸೆಲ್ 1912ರಲ್ಲಿ ಹೇಳಿದರು.

ಆದರೆ ಸಸ್ಯದ ಎಣ್ಣೆ ಬಲು ಮಂದ. ದಿನವೂ ಬಳಸಿದರೆ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಎಣ್ಣೆಯ ಒಂದೊಂದು ಅಣುವಿನಲ್ಲೂ ಮೂರು ಕೊಬ್ಬಿನ ಆಮ್ಲಗಳು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ಗ್ಲಿಸರಿನ್ನನ್ನು ಬಿಡಿಸಿ, ಆ ಆಮ್ಲಗಳಿಗೆ ಮದ್ಯಸಾರವನ್ನು ಜೋಡಿಸಿದರೆ ತೆಳುವಾದ ಎಸ್ಟರ್ ಸಿಗುತ್ತದೆ. ಬೆಲ್ಜಿಯಂನ ಶಾವಾನ್ ಎಂಬವರು 1937ರಲ್ಲಿ ಇದನ್ನು ಇಂಧನವಾಗಿಸಲು ಪೇಟೆಂಟ್ ಪಡೆದರು. ಮರುವರ್ಷ ಬ್ರಸೆಲ್ಸ್–ಲುವೆನ್ ನಡುವೆ ಬಸ್ಸೊಂದು ತಾಳೆ ಎಣ್ಣೆಯ ಎಸ್ಟರಿನಿಂದ ಓಡಿತು.

ಮುಂದೆ ಕಾರ್ಖಾನೆಗಳಲ್ಲಿ ಅಗ್ಗದ ಮೆಥನಾಲ್ ಮದ್ಯಸಾರದ ಜಾಗಕ್ಕೆ ಬಂತು. ಎಣ್ಣೆ ಮತ್ತು ಮೆಥನಾಲ್ ತಾವಾಗಿ ಬೆರೆಯವು. ಕ್ರಿಯೆಯನ್ನು ಚುರುಕುಗೊಳಿಸಲು ಕಾಸ್ಟಿಕ್ ಸೋಡಾದಂಥ ಕ್ರಿಯಾವರ್ಧಕ ಬೇಕು. ತೊಡಕು ಇರುವುದು ಇಲ್ಲಿಯೇ. ಎಣ್ಣೆಯಲ್ಲಿ ನೀರಿನಂಶವೋ ಬಿಡಿ ಆಮ್ಲವೋ ಹೆಚ್ಚಿದ್ದರೆ ಡೀಸೆಲಿನ ಬದಲು ಸಾಬೂನು ಕಟ್ಟುತ್ತದೆ. ಆದ್ದರಿಂದ ಕಾಸ್ಟಿಕ್ ಸೋಡಾ ಬಯಸುವುದು ಶುದ್ಧ ಎಣ್ಣೆಯನ್ನು, ಎಂದರೆ ಬಹುಮಟ್ಟಿಗೆ ನಾವು ಊಟಕ್ಕೆ ಬಳಸುವ ಎಣ್ಣೆಯನ್ನು. ಬಡವನ ಒಗ್ಗರಣೆಗೂ ಲಾರಿಯ ಟ್ಯಾಂಕಿಗೂ ಪೈಪೋಟಿ ಏಳುವುದು ಹೀಗೆ.

ಈ ಗಂಟನ್ನು ಬಿಚ್ಚುವ ದಾರಿಯೊಂದನ್ನು ತೋರಿದವರು ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಶಿರೋ ಸಾಕಾ ಮತ್ತು ಇಂಡೋನೇಷ್ಯದಿಂದ ಬಂದ ದಾದನ್ ಕುಸ್ದಿಯಾನ. ಸುಮಾರು 240 ಡಿಗ್ರಿ ಸೆಲ್ಸಿಯಸ್ ಶಾಖ, 80 ವಾಯುಭಾರದ ಒತ್ತಡ ಮೀರಿದರೆ ಮೆಥನಾಲ್ ಅತ್ತ ದ್ರವವೂ ಅಲ್ಲ, ಇತ್ತ ಆವಿಯೂ ಅಲ್ಲ. ಆ ಸ್ಥಿತಿಯಲ್ಲಿ ಅದು ಎಣ್ಣೆಯೊಡನೆ ಸಲೀಸಾಗಿ ಬೆರೆಯುತ್ತದೆ. ಸಾಸಿವೆಯ ಜಾತಿಯದೇ ಆದ ರೇಪ್‌ಸೀಡ್ ಎಣ್ಣೆಯನ್ನು 350 ಡಿಗ್ರಿಯಲ್ಲಿ ಕಾಯಿಸಿದಾಗ, ಯಾವ ಕ್ರಿಯಾವರ್ಧಕವೂ ಇಲ್ಲದೆ ನಾಲ್ಕೇ ನಿಮಿಷದಲ್ಲಿ ಎಸ್ಟರ್ ಆಯಿತೆಂದು ಅವರು 2001ರಲ್ಲಿ ಪ್ರಕಟಿಸಿದರು. ಬಿಡಿ ಆಮ್ಲಗಳೂ ಸಾಬೂನಾಗದೆ ಎಸ್ಟರೇ ಆದವು. ನೀರೂ ಅಡ್ಡಿಯಾಗಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಒಂದು ಅಣು ಎಣ್ಣೆಗೆ ಅವರು ಬಳಸಿದ್ದು 42 ಅಣು ಮೆಥನಾಲ್. ನೂರಾರು ವಾಯುಭಾರ ತಾಳುವ ಉಕ್ಕಿನ ಪಾತ್ರೆ ಅಗ್ಗವಲ್ಲ. ಅದಕ್ಕೇ ಅವರು ಮುಂದೆ ಎರಡು ಹಂತದ ಕ್ರಮವನ್ನು ರೂಪಿಸಿದರು: ಮೊದಲು ಬಿಸಿನೀರಿನ ಒತ್ತಡದಲ್ಲಿ ಎಣ್ಣೆಯನ್ನು ಒಡೆದು, ಗ್ಲಿಸರಿನ್ನನ್ನು ಬೇರ್ಪಡಿಸಿ, ಬಳಿಕ ಮೆಥನಾಲ್ ಸೇರಿಸುವುದು. ಇದರಿಂದ 270 ಡಿಗ್ರಿ ಶಾಖವೇ ಸಾಕಾಯಿತು.

ದೂರದ ಕ್ಯೋಟೋದ ಈ ಮಾತು ನಮಗೇಕೆ? ನಮ್ಮ ಹಿರಿಯರ ಮನೆಗಳಲ್ಲಿ ದೀಪ ಉರಿದದ್ದು ಹೊಂಗೆ ಎಣ್ಣೆಯಿಂದ. ತಿನ್ನಲು ಬಾರದ ಆ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚಾಗಿರುವುದುಂಟು. ಹಬ್ಬದ ದಿನ ಚಕ್ಕುಲಿ ಕರಿದು ಉಳಿದ ಎಣ್ಣೆಯದೂ ಅದೇ ಪಾಡು. ನಮ್ಮ ದೇಶದ 2018ರ ಜೈವಿಕ ಇಂಧನ ನೀತಿ ಇವೆರಡನ್ನೂ ಇಂಧನದ ಮೂಲವೆಂದು ಒಪ್ಪಿಕೊಂಡಿದೆ. ಕಾಸ್ಟಿಕ್ ಸೋಡಾ ಒಲ್ಲೆನೆಂದದ್ದನ್ನು ಶಾಖವೂ ಒತ್ತಡವೂ ಬರಮಾಡಿಕೊಳ್ಳುತ್ತವೆ. ಖರ್ಚು ಇಳಿದರೆ, ಅನ್ನದ ತಟ್ಟೆಗೆ ಕೈಹಾಕದೆ ಬಂಡಿ ಓಡಿಸಬಹುದು.