ಎಡಿನ್‌ಬರೋ ಉತ್ಸವ ಕಲಿಸುವ ಪಾಠ

ನಗರಾಡಳಿತವೊಂದು ಜನರ ತೆರಿಗೆ ಹಣವನ್ನು ಯಾರನ್ನು ನಂಬಿ ಕಲೆಗೆ ನೀಡುತ್ತದೆ? ಉತ್ತರಕ್ಕಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದತ್ತ ನೋಡೋಣ.

ಎರಡನೇ ಮಹಾಯುದ್ಧದಿಂದಾಗಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಸಂಗೀತ ನಾಟಕೋತ್ಸವ ನಿಂತುಹೋಗಿತ್ತು. ಅದರ ವ್ಯವಸ್ಥಾಪಕ ರುಡಾಲ್ಫ್ ಬಿಂಗ್ ಅವರಲ್ಲಿ ಅನುಭವವಿತ್ತು, ಹಣವಿರಲಿಲ್ಲ. ಬಾಂಬ್ ದಾಳಿಯಿಂದ ಬಹುತೇಕ ಪಾರಾಗಿದ್ದ ಎಡಿನ್‌ಬರೋವನ್ನು ಬ್ರಿಟಿಷ್ ಕೌನ್ಸಿಲ್‌ನ ಹಾರ್ವೆ ವುಡ್ ಸೂಚಿಸಿದರು. ಯುದ್ಧದಿಂದ ನೊಂದವರಿಗೆ ಕಲೆ ಚೈತನ್ಯ ತುಂಬಬೇಕೆಂದು ನಂಬಿದ್ದ ನಗರದ ಮುಖ್ಯಸ್ಥ ಜಾನ್ ಫಾಲ್ಕನರ್ ಯೋಜನೆಯನ್ನು ಕೈಗೆತ್ತಿಕೊಂಡರು. ನಗರಸಭೆ ಸುಮಾರು 20,000 ಪೌಂಡ್ ನೀಡಿತು. ಆರ್ಟ್ಸ್ ಕೌನ್ಸಿಲ್ ಕೂಡ ನೆರವಾಯಿತು. 1947ರ ಆಗಸ್ಟ್ 24ರಂದು ಉತ್ಸವ ಆರಂಭವಾಯಿತು. ನಾಜಿಗಳಿಂದಾಗಿ ದೇಶ ಬಿಟ್ಟಿದ್ದ ಸಂಗೀತ ನಿರ್ದೇಶಕ ಬ್ರೂನೊ ವಾಲ್ಟರ್ ಅಲ್ಲಿ ತಮ್ಮ ವಿಯೆನ್ನಾ ವಾದ್ಯವೃಂದವನ್ನು ಮತ್ತೆ ಸೇರಿದರು.

ಆದರೆ ಆ ವರ್ಷವೇ ಆಹ್ವಾನವಿಲ್ಲದ 8 ನಾಟಕ ತಂಡಗಳೂ ಬಂದು, ಸ್ವಂತ ಏರ್ಪಾಡಿನಲ್ಲಿ ಪ್ರದರ್ಶನ ನೀಡಿದವು. ಇಂದಿನ ಪ್ರಸಿದ್ಧ 'ಫ್ರಿಂಜ್' ಉತ್ಸವ ಹುಟ್ಟಿದ್ದು ಹೀಗೆ.

ನಾಳೆ ನೀವೂ ಮತ್ತೊಂದು ಸಂಸ್ಥೆಯೊಡನೆ ಇಂಥ ಅನುದಾನಕ್ಕೆ ಅರ್ಜಿ ಹಾಕಬಹುದು. ನಿಮ್ಮಲ್ಲಿಲ್ಲದ್ದು ಯಾರಲ್ಲಿದೆಯೋ ಅವರೊಡನೆ ಕೈಜೋಡಿಸಿ. ಊರಿಗೇನು ಪ್ರಯೋಜನವೆಂಬುದನ್ನು ಮೊದಲು ಬರೆಯಿರಿ. ಸಹಿ ಹಾಕುವ ಮುನ್ನ, ಹೊರಗುಳಿಯುವವರು ಯಾರೆಂದು ಒಮ್ಮೆ ಕೇಳಿಕೊಳ್ಳಿ. ಊರಿನ ಹಣದಲ್ಲಿ ಅವರ ಪಾಲೂ ಇದೆ.